ಭಾರತ್ ಅರ್ತ್ ಮೂವರ್ಸ್ (ಬೆಮೆಲ್): ಸ್ಥಾಪನೆ ಮತ್ತು ಬೆಳವಣಿಗೆ

ಭಾರತ್ ಅರ್ತ್ ಮೂವರ್ಸ್ ಲಿಮಿಟೆಡ್, ಈಗಿನ ಅಧಿಕೃತ ಹೆಸರಿನಲ್ಲಿ ಬಿಇಎಂಎಲ್ ಲಿಮಿಟೆಡ್, ಜನರ ಬಾಯಲ್ಲಿ ಬೆಮೆಲ್. ಮಣ್ಣು ಅಗೆಯುವ, ಭಾರ ಎತ್ತುವ, ತುಂಬುವ ಮತ್ತು ಸಾಗಿಸುವ ದೊಡ್ಡ ಯಂತ್ರಗಳ ಜೊತೆಗೆ ರೈಲು ಬೋಗಿಗಳನ್ನೂ ಸೇನೆಯ ವಾಹನಗಳನ್ನೂ ತಯಾರಿಸುವ ಈ ಸಾರ್ವಜನಿಕ ವಲಯದ ಉದ್ಯಮದ ಕೇಂದ್ರ ಕಚೇರಿ ಬೆಂಗಳೂರಿನ ಸಂಪಂಗಿರಾಮನಗರದ ಬಿಇಎಂಎಲ್ ಸೌಧದಲ್ಲಿದೆ. 1964ರ ಮೇ 11ರಂದು ಕೇಂದ್ರ ರಕ್ಷಣಾ ಸಚಿವಾಲಯದ ಅಧೀನದಲ್ಲಿ ಸ್ಥಾಪನೆಯಾದ ಸಂಸ್ಥೆಯು 1965ರ ಜನವರಿ 1ರಿಂದ ಕೆಲಸ ಆರಂಭಿಸಿತು. ಬೆಂಗಳೂರು, ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್, ಮೈಸೂರು ಮತ್ತು ಕೇರಳದ ಪಾಲಕ್ಕಾಡಿನಲ್ಲಿ ಇದರ ಕಾರ್ಖಾನೆಗಳಿದ್ದು, ವ್ಯವಹಾರವು ಗಣಿಗಾರಿಕೆ ಮತ್ತು ನಿರ್ಮಾಣ, ರಕ್ಷಣೆ, ರೈಲು ಮತ್ತು ಮೆಟ್ರೊ ಎಂಬ ಮೂರು ವಿಭಾಗಗಳಲ್ಲಿ ಹಂಚಿಹೋಗಿದೆ.

ಸಂಸ್ಥೆಯ ಹುಟ್ಟಿಗೆ ಕಾರಣವಾದದ್ದು ಗಡಿಯ ರಸ್ತೆಗಳು. ಹಿಮಾಲಯದ ಗಡಿ ಪ್ರದೇಶಗಳಲ್ಲಿ ರಸ್ತೆ ಕಡಿಯುವುದಕ್ಕಾಗಿಯೇ 1960ರ ಮೇ 7ರಂದು ಗಡಿ ರಸ್ತೆಗಳ ಸಂಸ್ಥೆ ರೂಪುಗೊಂಡಿತ್ತು. ಎರಡು ವರ್ಷಗಳ ತರುವಾಯ, 1962ರಲ್ಲಿ ಚೀನಾದೊಡನೆ ನಡೆದ ಯುದ್ಧವು ರಸ್ತೆ ಇಲ್ಲದ ಕಡೆ ಸೈನ್ಯವನ್ನೂ ಸಾಮಗ್ರಿಯನ್ನೂ ಮುಟ್ಟಿಸುವುದು ಎಷ್ಟು ಕಷ್ಟವೆಂಬುದನ್ನು ದೇಶಕ್ಕೆ ಮನಗಾಣಿಸಿತು. ಬಂಡೆಗಲ್ಲಿನ ಇಳಿಜಾರಿನಲ್ಲಿ ರಸ್ತೆ ಮಾಡಲು ಬೇಕಾದ ಬುಲ್ಡೋಜರುಗಳು ಆಗ ಬಹುಪಾಲು ಹೊರದೇಶಗಳಿಂದಲೇ ಬರುತ್ತಿದ್ದವು, ಅವುಗಳ ಬಿಡಿಭಾಗಗಳಿಗೂ ವಿದೇಶಿ ವಿನಿಮಯ ತೆರಬೇಕಾಗಿತ್ತು. ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದ ಕಾಲದಲ್ಲಿಯೇ ಜಪಾನಿನ ಕೊಮಾತ್ಸು ಸಂಸ್ಥೆಯ ಟ್ರ್ಯಾಕ್ಟರುಗಳನ್ನು ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ಜೋಡಿಸುವ ಪ್ರಯತ್ನ ಶುರುವಾಗಿತ್ತಾದರೂ, ಈ ಕೆಲಸಕ್ಕೆ ಪ್ರತ್ಯೇಕ ಸಂಸ್ಥೆಯೊಂದು ಅಗತ್ಯವೆಂಬ ತೀರ್ಮಾನ ಗಟ್ಟಿಯಾದದ್ದು ಯುದ್ಧದ ಅನಂತರ. ಗಡಿಯಷ್ಟೇ ಅಲ್ಲದೆ ಒಳನಾಡಿನ ಅಣೆಕಟ್ಟು, ಕಾಲುವೆ ಮತ್ತು ಗಣಿಗಳಿಗೂ ಇದೇ ಯಂತ್ರಗಳು ಬೇಕಾಗಿದ್ದವು. ಬೆಮೆಲ್ ಸ್ಥಾಪನೆಯಾಗಿ ಹನ್ನೊಂದು ದಿನ ಕಳೆಯುವಷ್ಟರಲ್ಲಿ, 1964ರ ಮೇ 22ರಂದು, ಆಗಿನ ವಿಜಾಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಮುಂದಿನ ದಶಕಗಳಲ್ಲಿ ಆ ಯೋಜನೆಯ ಕಾಲುವೆಗಳು ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಭಾಗದ ಎರೆಭೂಮಿಯನ್ನು ಸೀಳಿಕೊಂಡು ಹೋದಾಗ, ಎರಡು ತಲೆಮಾರಿನ ಹಿಂದೆ ಬುಟ್ಟಿ ಸಲಿಕೆಗಳಿಂದ ನಡೆಯುತ್ತಿದ್ದ ಮಣ್ಣಿನ ಕೆಲಸ ಯಂತ್ರದ ಕೆಲಸವಾಗಿ ಬದಲಾದದ್ದನ್ನು ಈ ಸೀಮೆಯ ಜನ ಕಣ್ಣಾರೆ ಕಂಡರು. ಒಂದೇ ತಿಂಗಳಿನಲ್ಲಿ ಕೂಡಿಬಂದ ಈ ಎರಡು ಆರಂಭಗಳ ನಡುವೆ ಆಡಳಿತದ ಸಂಬಂಧವೇನೂ ಇಲ್ಲ. ಆದರೆ ಮಣ್ಣನ್ನು ದೊಡ್ಡ ಪ್ರಮಾಣದಲ್ಲಿ ಕದಲಿಸದೆ ದೇಶ ಕಟ್ಟಲಾಗದು ಎಂಬ ಅಂದಿನ ತಿಳಿವಳಿಕೆ ಎರಡರಲ್ಲಿಯೂ ಒಂದೇ ಆಗಿದೆ.

ಹೊಸ ಸಂಸ್ಥೆಯಾದರೂ ಬೆಮೆಲ್ ಬರಿ ನೆಲದಿಂದ ಎದ್ದದ್ದಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಎರಡನೆಯ ಮಹಾಯುದ್ಧ ಮುಗಿದ ಕೂಡಲೇ ವಿಮಾನದ ಕೆಲಸ ಕಡಿಮೆಯಾಯಿತು. ತರಬೇತಿ ಪಡೆದ ಕುಶಲ ಕೆಲಸಗಾರರನ್ನು ಉಳಿಸಿಕೊಳ್ಳುವ ದಾರಿಯಾಗಿ ಅದು ಬಸ್ಸಿನ ಒಡಲು ಕಟ್ಟುವುದನ್ನೂ, ರೈಲ್ವೆಗೆ ಪೂರ್ಣ ಉಕ್ಕಿನ ಪ್ರಯಾಣಿಕ ಬೋಗಿಗಳನ್ನು ಮಾಡಿಕೊಡುವುದನ್ನೂ ಕೈಗೆತ್ತಿಕೊಂಡಿತು. ಅಲ್ಲಿಯವರೆಗೆ ಬೋಗಿಗಳೆಂದರೆ ಬಹುಮಟ್ಟಿಗೆ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಮರದ ಮನೆಗಳೇ ಆಗಿದ್ದು, ಅಪಘಾತವಾದಾಗ ಮರದ ಗೋಡೆಗಳು ಸಿಡಿದು ಸಾವುನೋವು ಹೆಚ್ಚುತ್ತಿತ್ತು. ತಗಡು, ಚೌಕಟ್ಟು, ಚಾವಣಿ ಎಲ್ಲವನ್ನೂ ಬೆಸೆದು ಒಂದೇ ಒಡಲಾಗಿಸುವ ಕೆಲಸಕ್ಕೆ ವಿಮಾನ ಕಟ್ಟುವವರ ಕೈಚಳಕ ಹೇಳಿ ಮಾಡಿಸಿದಂತಿತ್ತು. 1964ರ ಅಕ್ಟೋಬರ್ 1ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಇತರ ವಿಮಾನ ಘಟಕಗಳೊಡನೆ ಸೇರಿ ಹಿಂದೂಸ್ತಾನ್ ಏರೊನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್‌ಎಎಲ್ ಆಯಿತು. ಮೂರು ತಿಂಗಳ ಬಳಿಕ ಅದರ ರೈಲು ಬೋಗಿ ವಿಭಾಗವು ಬೆಮೆಲ್‌ಗೆ ವರ್ಗವಾಯಿತು. ಹೀಗಾಗಿ ಮಣ್ಣಿನ ಯಂತ್ರಗಳಿಗೆಂದು ಹೆಸರಿಟ್ಟ ಸಂಸ್ಥೆಯ ಮೊದಲ ದಿನದ ಕೆಲಸ ರೈಲು ಬೋಗಿಯೇ ಆಗಿತ್ತು. ಅರವತ್ತು ವರ್ಷಗಳ ತರುವಾಯ ಇದೇ ಹಳೆಯ ಕಸುಬು ಸಂಸ್ಥೆಯ ಕೈಹಿಡಿದದ್ದನ್ನು ನೋಡಿದರೆ, ಆ ವರ್ಗಾವಣೆಯ ಮಹತ್ವವನ್ನು ಇತಿಹಾಸಕಾರರು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡಿದ್ದಾರೆ ಎನಿಸುತ್ತದೆ.

ಮಣ್ಣಿನ ಯಂತ್ರಗಳ ತಯಾರಿಕೆಗೆ ಕೆಜಿಎಫ್ ಆಯ್ಕೆಯಾದದ್ದಕ್ಕೆ ಬಲವಾದ ಹಿನ್ನೆಲೆಯಿದೆ. ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ತು ತಲುಪಿದ್ದ ಈ ಊರಿನಲ್ಲಿ ಗಣಿಯ ವರ್ಕ್‌ಶಾಪುಗಳಲ್ಲಿ ಪಳಗಿದ ಫಿಟ್ಟರು, ಟರ್ನರು, ವೆಲ್ಡರುಗಳ ಕುಟುಂಬಗಳಿದ್ದವು, ರೈಲು ಸಂಪರ್ಕವಿತ್ತು, ವಿಶಾಲವಾದ ಜಾಗವಿತ್ತು. ಅತ್ತ ಚಿನ್ನದ ಅದಿರು ಆಳಕ್ಕಿಳಿದಂತೆ ಗಣಿಯ ಆದಾಯ ಕುಗ್ಗತೊಡಗಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಬುಲ್ಡೋಜರಿನ ತಯಾರಿಕೆ ಇಲ್ಲಿ ನೆಲೆಗೊಂಡು, ಕಾರ್ಖಾನೆಯ ಸುತ್ತ ಬೆಮೆಲ್ ನಗರ ಬೆಳೆಯಿತು. ಮುಂದೆ ಎಕ್ಸ್‌ಕವೇಟರುಗಳೂ, ಯಂತ್ರಗಳಿಗೆ ಎತ್ತುವ ಶಕ್ತಿ ಕೊಡುವ ಹೈಡ್ರಾಲಿಕ್ ಭಾಗಗಳೂ, ಗೇರು ಪೆಟ್ಟಿಗೆಗಳೂ ಇಲ್ಲಿಯೇ ತಯಾರಾಗತೊಡಗಿದವು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿಗಳು ಮುಚ್ಚಿ, ಸಾವಿರಾರು ಕಾರ್ಮಿಕ ಕುಟುಂಬಗಳು ದಿಕ್ಕೆಟ್ಟಾಗ ಊರಿನಲ್ಲಿ ಉಳಿದ ದೊಡ್ಡ ಕಾರ್ಖಾನೆಯೆಂದರೆ ಇದೊಂದೇ. ಗಣಿಯ ನಂತರದ ಕೆಜಿಎಫ್ ಪೂರ್ಣವಾಗಿ ಬರಿದಾಗದೆ ಉಳಿದದ್ದರಲ್ಲಿ ಬೆಮೆಲ್‌ನ ಪಾಲು ದೊಡ್ಡದು.

ಆರಂಭದ ತಂತ್ರಜ್ಞಾನ ಎರಡು ವಿದೇಶಿ ಮೂಲಗಳಿಂದ ಬಂತು. ಬುಲ್ಡೋಜರಿಗೆ 1921ರಲ್ಲಿ ಜಪಾನಿನ ಇಶಿಕಾವಾ ಪ್ರಾಂತ್ಯದಲ್ಲಿ ಸ್ಥಾಪನೆಯಾಗಿದ್ದ ಕೊಮಾತ್ಸು. ಡಂಪರು, ಸ್ಕ್ರೇಪರು ಮುಂತಾದ ಗಾಲಿಯ ಯಂತ್ರಗಳಿಗೆ ಅಮೆರಿಕದ ಲೆಟರ್ನೊ ವೆಸ್ಟಿಂಗ್‌ಹೌಸ್. ಬುಲ್ಡೋಜರು ಉಕ್ಕಿನ ಪಟ್ಟಿಗಳ ಸರಪಳಿಯ ಮೇಲೆ ಚಲಿಸುತ್ತ ಮುಂದಿನ ಅಗಲವಾದ ಬ್ಲೇಡಿನಿಂದ ಮಣ್ಣನ್ನು ತಳ್ಳುವ ಯಂತ್ರ. ಸರಪಳಿಯಿಂದಾಗಿ ಅದರ ಭಾರ ವಿಸ್ತಾರವಾಗಿ ಹರಡುವುದರಿಂದ ಮೆತ್ತನೆಯ ನೆಲದಲ್ಲಿಯೂ ಹೂತುಹೋಗುವುದಿಲ್ಲ. ಸ್ಕ್ರೇಪರು ಓಡುತ್ತಲೇ ನೆಲವನ್ನು ಕೆರೆದು ಹೊಟ್ಟೆಗೆ ತುಂಬಿಕೊಂಡು ಬೇರೆಡೆ ಸುರಿಯುತ್ತದೆ. ಮೋಟರ್ ಗ್ರೇಡರು ರಸ್ತೆಯ ಮೈಯನ್ನು ಬೇಕಾದ ಓಟಕ್ಕೆ ಸಮಗೊಳಿಸುತ್ತದೆ. ಡಂಪರು ತುಂಬಿದ್ದನ್ನು ಹೊತ್ತು ಹೋಗಿ ಹಿಂದಕ್ಕೆ ಕವುಚುತ್ತದೆ. ಪರವಾನಗಿಯ ತಯಾರಿಕೆಯೆಂದರೆ ಮೊದಲು ಹೊರಗಿನಿಂದ ಬಂದ ಭಾಗಗಳನ್ನು ಜೋಡಿಸುವುದು, ಅನಂತರ ಒಂದೊಂದೇ ಭಾಗವನ್ನು ಇಲ್ಲಿಯೇ ಎರಕ ಹೊಯ್ದು, ಕಡೆದು, ಪರೀಕ್ಷಿಸಿ, ಆಮದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಹೋಗುವುದು. ಈ ಕೆಲಸಕ್ಕೆ ಬೇಕಾದ ಉಕ್ಕಿನ ಎರಕಗಳಿಗಾಗಿ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ವಿಜ್ಞಾನ್ ಇಂಡಸ್ಟ್ರೀಸ್ ಎಂಬ ಎರಕದ ಕಾರ್ಖಾನೆಯನ್ನು ಬೆಮೆಲ್ ತನ್ನ ಅಂಗಸಂಸ್ಥೆಯನ್ನಾಗಿ ಮಾಡಿಕೊಂಡಿತು. ಅಮೆರಿಕದ ಆ ಡಂಪರು ವ್ಯವಹಾರವು ಕಂಪನಿಯಿಂದ ಕಂಪನಿಗೆ ಕೈಬದಲಿಸುತ್ತ 1980ರ ದಶಕದ ಕೊನೆಗೆ ಕೊಮಾತ್ಸುವಿನ ಕಡೆಗೇ ಬಂದು ಸೇರಿದ್ದರಿಂದ, ಬೆಮೆಲ್‌ನ ಇಬ್ಬರು ಗುರುಗಳು ಕೊನೆಗೆ ಒಂದೇ ಮನೆಯವರಾದರು ಎಂಬುದು ಯಂತ್ರೋದ್ಯಮದ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿ.

ಗಡಿ ರಸ್ತೆ ಬೆಮೆಲ್‌ಗೆ ಜನ್ಮ ಕೊಟ್ಟಿತಾದರೂ ಅದನ್ನು ಸಾಕಿ ಬೆಳೆಸಿದ್ದು ಕಲ್ಲಿದ್ದಲು. 1970ರ ದಶಕದ ಮೊದಲ ವರ್ಷಗಳಲ್ಲಿ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣಗೊಂಡು, 1975ರ ನವೆಂಬರಿನಲ್ಲಿ ಕೋಲ್ ಇಂಡಿಯಾ ಸ್ಥಾಪನೆಯಾದ ಮೇಲೆ ಸುರಂಗದ ಗಣಿಗಾರಿಕೆಗಿಂತ ತೆರೆದ ಗಣಿಗಾರಿಕೆಗೆ ಒತ್ತು ಬಿತ್ತು. ತೆರೆದ ಗಣಿಯಲ್ಲಿ ಕಲ್ಲಿದ್ದಲಿನ ಪದರದ ಮೇಲೆ ಕೂತಿರುವ ಮಣ್ಣು ಮತ್ತು ಬಂಡೆಯ ಹೊರೆಯನ್ನು ಮೊದಲು ತೆಗೆಯಬೇಕು. ಒಂದು ಟನ್ ಕಲ್ಲಿದ್ದಲಿಗೆ ಅದರ ಹಲವು ಪಟ್ಟು ಹೊರೆಯನ್ನು ಸಾಗಿಸಬೇಕಾಗುವುದುಂಟು. ಈ ಕಾರಣದಿಂದ ಕೋಲ್ ಇಂಡಿಯಾದ ಗಣಿಗಳು ಡಂಪರು ಮತ್ತು ಡೋಜರುಗಳ ಬಹು ದೊಡ್ಡ ಗಿರಾಕಿಯಾದವು. ಇಂದು ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳುಳ್ಳ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರಕ್ಕೆ ವ್ಯಾಗನ್ನುಗಳಲ್ಲಿ ಬಂದು ಬೀಳುವ ಕಲ್ಲಿದ್ದಲಿನ ಹಿಂದೆಯೂ, ದೂರದ ಗಣಿಗಳಲ್ಲಿ ಹಗಲಿರುಳು ನಡೆಯುವ ಇಂಥ ಯಂತ್ರಗಳ ದುಡಿಮೆಯಿದೆ.

ಡಂಪರಿನ ರಚನೆಯಲ್ಲಿ ಬೆಮೆಲ್ ಸಾಧಿಸಿದ ಪ್ರಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸುಮಾರು ನೂರು ಟನ್ ಹೊರುವವರೆಗಿನ ಡಂಪರುಗಳಲ್ಲಿ ಸಾಮಾನ್ಯ ಲಾರಿಯಂತೆಯೇ ಎಂಜಿನಿನ ಶಕ್ತಿ ಗೇರು ಪೆಟ್ಟಿಗೆಯ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಭಾರ ಇನ್ನೂ ಹೆಚ್ಚಿದಾಗ ಆ ಬಲವನ್ನು ತಡೆದುಕೊಳ್ಳುವ ಗೇರು ಪೆಟ್ಟಿಗೆ ಅತಿಯಾಗಿ ದೊಡ್ಡದಾಗುವುದರಿಂದ ಬೇರೆ ವಿಧಾನವನ್ನು ಅನುಸರಿಸಲಾಗುತ್ತದೆ: ಡೀಸೆಲ್ ಎಂಜಿನು ವಿದ್ಯುತ್ ಜನಕವೊಂದನ್ನು ತಿರುಗಿಸುತ್ತದೆ, ಅಲ್ಲಿ ಹುಟ್ಟಿದ ವಿದ್ಯುತ್ತು ತಂತಿಗಳ ಮೂಲಕ ಹಿಂದಿನ ಚಕ್ರಗಳೊಳಗೇ ಕೂತಿರುವ ಮೋಟರುಗಳನ್ನು ನಡೆಸುತ್ತದೆ. ತುಂಬಿದ ವಾಹನ ಇಳಿಜಾರಿನಲ್ಲಿ ಇಳಿಯುವಾಗ ಅವೇ ಮೋಟರುಗಳು ಜನಕಗಳಂತೆ ವರ್ತಿಸಿ ಚಕ್ರದ ವೇಗವನ್ನು ಹಿಡಿಯುತ್ತವೆ. ಆಗ ಹುಟ್ಟುವ ವಿದ್ಯುತ್ತು ಪ್ರತಿರೋಧಕ ಸುರುಳಿಗಳಲ್ಲಿ ಶಾಖವಾಗಿ, ದೊಡ್ಡ ಫ್ಯಾನಿನ ಗಾಳಿಯೊಡನೆ ಹೊರಹೋಗುತ್ತದೆ, ಬ್ರೇಕಿನ ಪಟ್ಟಿಗಳು ಸವೆಯುವುದಿಲ್ಲ. ಚಾಲಕನು ನೆಲದಿಂದ ಒಂದು ಮಹಡಿಗೂ ಎತ್ತರದಲ್ಲಿರುವ ಕ್ಯಾಬಿನ್ನಿಗೆ ಏಣಿ ಹತ್ತಿ ಹೋಗಬೇಕಾದ, ಆಳೆತ್ತರವನ್ನು ಮೀರಿದ ಟೈರುಗಳ ಇಂಥ ವಾಹನಗಳನ್ನು ಮೊದಲು ಪರಕೀಯ ವಿನ್ಯಾಸದಿಂದಲೇ ಕಟ್ಟಬೇಕಾಗಿತ್ತು. ಆದರೆ ತರುವಾಯ ಬೆಮೆಲ್ 150 ಟನ್ ಮತ್ತು 205 ಟನ್ ಸಾಮರ್ಥ್ಯದ ವಿದ್ಯುತ್ ಚಾಲಿತ ಡಂಪರುಗಳನ್ನು ತನ್ನ ವಿನ್ಯಾಸದಲ್ಲಿಯೇ ರೂಪಿಸಿತು. 180 ಟನ್ ತೂಕದ ವಿದ್ಯುತ್ ಎಕ್ಸ್‌ಕವೇಟರು ಮತ್ತು 850 ಅಶ್ವಶಕ್ತಿಯ ಬುಲ್ಡೋಜರು ಇದೇ ಸಾಲಿಗೆ ಸೇರುತ್ತವೆ. ಪರವಾನಗಿಯಿಂದ ಸ್ವಂತ ವಿನ್ಯಾಸಕ್ಕೆ ಬರಲು ಹಿಡಿದ ಕಾಲ ದೀರ್ಘವಾಯಿತೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಇಷ್ಟು ದೊಡ್ಡ ಡಂಪರನ್ನು ತಾನೇ ವಿನ್ಯಾಸ ಮಾಡಿ ಗಣಿಗಿಳಿಸಬಲ್ಲ ಸಂಸ್ಥೆಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟೇ ಇವೆ ಎಂಬುದನ್ನು ಮರೆಯುವಂತಿಲ್ಲ.

ಭಾರ ಎತ್ತುವ ಯಂತ್ರಗಳ ಕುಲದಲ್ಲಿ ಬೆಮೆಲ್ ಹಿಡಿದದ್ದು ತೆರೆದ ಬಯಲಿನ ಕೊಂಬೆಯನ್ನು. ಗೋದಾಮಿನೊಳಗಿನ ಕೊಂಬೆ ಬೇರೆಯವರ ಪಾಲಾಯಿತು. ಗೋದಾಮಿನ ಮುಖ್ಯ ಯಂತ್ರವಾದ ಫೋರ್ಕ್‌ಲಿಫ್ಟ್, ಮುಂಭಾಗದ ಎರಡು ಉಕ್ಕಿನ ಕೋಲುಗಳನ್ನು ಸರಕಿನ ಹಲಗೆಯಡಿ ತೂರಿಸಿ, ನೆಟ್ಟನೆಯ ಕಂಬದ ಗುಂಟ ಮೇಲೆತ್ತುವ ಸಣ್ಣ ವಾಹನ. ಎತ್ತಿದ ಭಾರ ಮುಂದಕ್ಕೆ ಮಗುಚದಂತೆ ಅದರ ಬೆನ್ನಿಗೆ ಭಾರಿ ಎರಕದ ಗುಂಡು ಇರುತ್ತದೆ. ಅಮೆರಿಕದ ಕ್ಲಾರ್ಕ್ ಸಂಸ್ಥೆ 1917ರಲ್ಲಿ ತನ್ನ ಕಾರ್ಖಾನೆಯೊಳಗಿನ ಸಾಗಾಟಕ್ಕೆಂದು ಮಾಡಿಕೊಂಡ ವಾಹನದಿಂದ ಈ ವರ್ಗ ಬೆಳೆದು, ಎರಡನೆಯ ಮಹಾಯುದ್ಧದ ಸರಕು ಸಾಗಣೆಯಲ್ಲಿ ಜಗತ್ತಿನಾದ್ಯಂತ ಹರಡಿತು. ಭಾರತದಲ್ಲಿ ಇದರ ತಯಾರಿಕೆಯನ್ನು ಮುಂಬಯಿ ಮೂಲದ ಗೋದ್ರೆಜ್ ಮತ್ತು ವೋಲ್ಟಾಸ್ ಸಂಸ್ಥೆಗಳು ಮುಖ್ಯವಾಗಿ ನಡೆಸಿಕೊಂಡು ಬಂದವು. ಬೆಂಗಳೂರಿನ ಮೈನಿ ಸಮೂಹವು ಕಾರ್ಖಾನೆಯೊಳಗೆ ಓಡಾಡುವ ಬ್ಯಾಟರಿ ಗಾಡಿಗಳನ್ನು ತಯಾರಿಸಿತು, 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು ಅದೇ ಸಮೂಹದ ಕೊಡುಗೆ. ಬೆಮೆಲ್ ಇದಕ್ಕೆ ಹತ್ತಿರವಾದ ಕೆಲಸವನ್ನು ಮಾಡಿದ್ದು ವಿಮಾನ ನೆಲೆಗಳಿಗಾಗಿ: ವಿಮಾನವನ್ನು ಎಳೆದೊಯ್ಯುವ ಟ್ರ್ಯಾಕ್ಟರು, ಶಸ್ತ್ರಗಳನ್ನು ವಿಮಾನದ ರೆಕ್ಕೆಯಡಿ ಎತ್ತಿ ಕೂಡಿಸುವ ಯಂತ್ರ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿಯ ಶೀತಲಗೃಹಗಳಂಥ ಕಡೆ ಹಮಾಲರ ಬೆನ್ನಿನ ಹೊರೆಯನ್ನು ಇಳಿಸಬಲ್ಲ ಸಣ್ಣ, ಅಗ್ಗದ ಎತ್ತುವ ಯಂತ್ರಗಳ ಕಡೆಗೆ ಇಷ್ಟು ಅನುಭವಸ್ಥ ಸಾರ್ವಜನಿಕ ಸಂಸ್ಥೆಯೊಂದು ಗಮನ ಹರಿಸದೇ ಹೋದದ್ದು ಕೊರತೆಯೇ ಸರಿ.

1984ರಲ್ಲಿ ಮೈಸೂರಿನಲ್ಲಿ ಹೊಸ ಸಂಕೀರ್ಣ ಆರಂಭವಾಗಿ ಡಂಪರು, ಗ್ರೇಡರು ಮುಂತಾದ ಗಾಲಿಯ ಯಂತ್ರಗಳು ಅಲ್ಲಿಗೆ ಹೋದವು, ಮುಂದೆ ಎಂಜಿನ್ ವಿಭಾಗವೂ ಸೇರಿಕೊಂಡಿತು. ಇದೇ ದಶಕದಲ್ಲಿ ರಕ್ಷಣಾ ವಿಭಾಗ ಹಿಗ್ಗಿತು. 1986ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಓಮ್ನಿಪೋಲ್ ಸಂಸ್ಥೆಯೊಡನೆ ಆದ ಒಪ್ಪಂದದ ಪ್ರಕಾರ ಟಾಟ್ರಾ ಟ್ರಕ್ಕುಗಳ ತಯಾರಿಕೆಯನ್ನು ಬೆಮೆಲ್ ಕೈಗೊಂಡಿತು. ಟಾಟ್ರಾದಲ್ಲಿ ಸಾಮಾನ್ಯ ಚೌಕಟ್ಟಿನ ಬದಲು ನಡುವೆ ಬೆನ್ನೆಲುಬಿನಂಥ ದಪ್ಪ ಕೊಳವೆಯೊಂದಿದ್ದು, ಎರಡು ಬದಿಯ ಅಚ್ಚುಗಳು ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವುದರಿಂದ ಹಳ್ಳ ದಿಣ್ಣೆಗಳಲ್ಲಿಯೂ ಚಕ್ರಗಳು ನೆಲ ಬಿಡುವುದಿಲ್ಲ. ಈ ಗುಣದಿಂದಾಗಿ ಸೇತುವೆ ಹಾಸುವ ಸಾಧನಗಳು ಮತ್ತು ಬ್ರಹ್ಮೋಸ್ ಕ್ಷಿಪಣಿಯ ಚಲಿಸುವ ಉಡಾವಣಾ ವೇದಿಕೆಗಳು ಟಾಟ್ರಾದ ಮೇಲೆ ನಿಂತವು. 2012ರಲ್ಲಿ ಈ ಟ್ರಕ್ಕುಗಳ ಖರೀದಿಯ ಬಗೆಗೆ ಆರೋಪಗಳೆದ್ದು ಸಿಬಿಐ ತನಿಖೆ ನಡೆಯಿತು. ಅದರ ನೆರಳು ಕೆಲವು ವರ್ಷ ಸಂಸ್ಥೆಯ ರಕ್ಷಣಾ ವ್ಯವಹಾರದ ಮೇಲೆ ಬಿತ್ತು. ಅದಕ್ಕೆ ಮುನ್ನ 2010ರಲ್ಲಿ ಪಾಲಕ್ಕಾಡ್ ಬಳಿಯ ಕಂಜಿಕೋಡಿನಲ್ಲಿ ನಾಲ್ಕನೆಯ ಸಂಕೀರ್ಣ ಆರಂಭವಾಗಿತ್ತು.

1991ರ ಆರ್ಥಿಕ ಉದಾರೀಕರಣ ಸಂಸ್ಥೆಯ ಮಾರುಕಟ್ಟೆಯನ್ನು ಬದಲಿಸಿತು. 1998ರಲ್ಲಿ ಹಳೆಯ ಗುರುವಾದ ಕೊಮಾತ್ಸುವೇ ಎಲ್ ಆಂಡ್ ಟಿ ಜೊತೆಗೂಡಿ ಬೆಂಗಳೂರಿನಲ್ಲಿ ಪ್ರತಿಸ್ಪರ್ಧಿ ಸಂಸ್ಥೆ ಕಟ್ಟಿತು. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿ, ವೋಲ್ವೊ ಕಾರ್ಖಾನೆ ಬೆಂಗಳೂರಿನ ಪೀಣ್ಯದಲ್ಲಿ ನೆಲೆಯಾದವು. ಹಳ್ಳಿಯ ಹೊಲದ ಬದು, ಕೃಷಿ ಹೊಂಡ, ಬಾವಿಯ ಕೆಲಸಗಳಲ್ಲಿ ಜೆಸಿಬಿ ಎಂಬ ಬ್ರಿಟಿಷ್ ಕಂಪನಿಯ ಹೆಸರೇ ಯಂತ್ರದ ಹೆಸರಾಯಿತು, ಬೆಮೆಲ್ ಅದೇ ಬಗೆಯ ಯಂತ್ರವನ್ನು ಮಾಡಿದರೂ ರೈತರ ನಡುವೆ ಹೆಸರಾಗಲಿಲ್ಲ. ಟೆಂಡರು ಹಾಕಿ ದೊಡ್ಡ ಸರ್ಕಾರಿ ಗಿರಾಕಿಗೆ ಯಂತ್ರ ಒದಗಿಸುವುದರಲ್ಲಿ ಪಳಗಿದ ಸಂಸ್ಥೆಗೆ, ಸಾಲ ಮಾಡಿ ಒಂದೇ ಯಂತ್ರ ಕೊಳ್ಳುವ ಊರಿನ ಗುತ್ತಿಗೆದಾರನ ಬಾಗಿಲಿಗೆ ಹೋಗಿ ಮಾರುವ, ಮರುದಿನವೇ ರಿಪೇರಿಗೆ ಆಳು ಕಳಿಸುವ ಜಾಲ ಇರಲಿಲ್ಲ.

ಈ ಹಿನ್ನಡೆಯ ಹೊತ್ತಿನಲ್ಲಿ ಮತ್ತೆ ಆಸರೆಯಾದದ್ದು ರೈಲು. ದಶಕಗಳ ಕಾಲ ರೈಲ್ವೆಗೆ ಸಾಮಾನ್ಯ ದರ್ಜೆಯ ಬೋಗಿಗಳನ್ನೂ, ವಿದ್ಯುತ್ ಮಾರ್ಗದ ಮೇಲ್ತಂತಿ ಪರೀಕ್ಷಿಸುವ ವಾಹನಗಳನ್ನೂ ಒದಗಿಸುತ್ತಿದ್ದ ಬೆಂಗಳೂರಿನ ಕಾರ್ಖಾನೆಯು, ದೆಹಲಿ ಮೆಟ್ರೊದ ಮೊದಲ ಹಂತದಲ್ಲಿ ಕೊರಿಯಾದ ರೋಟೆಮ್ ಸಂಸ್ಥೆಯ ಜೊತೆಗೂಡಿ ಮೆಟ್ರೊ ಬೋಗಿಗಳನ್ನು ಕಟ್ಟಿತು. ಮೆಟ್ರೊ ಬೋಗಿಯ ಒಡಲು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದು; ತೆಳುವಾದ ಈ ತಗಡುಗಳನ್ನು ಬೆಸುಗೆಯ ಶಾಖಕ್ಕೆ ಸೊಟ್ಟಗಾಗದಂತೆ ಕೂಡಿಸುವುದೇ ದೊಡ್ಡ ಕೌಶಲ. 2009ರಲ್ಲಿ ಬೆಮೆಲ್ ಒಳಗೊಂಡ ಒಕ್ಕೂಟಕ್ಕೆ ನಮ್ಮ ಮೆಟ್ರೊದ ಮೊದಲ ಹಂತದ 150 ಬೋಗಿಗಳ ಗುತ್ತಿಗೆ ದೊರೆಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿದ ಮೊದಲ ರೈಲುಗಳು ಬೆಂಗಳೂರಿನ ಕೆಲಸಗಾರರೇ ಕಟ್ಟಿದವಾಗಿದ್ದವು. ಜೈಪುರ ಮತ್ತು ಕೋಲ್ಕತ್ತಕ್ಕೂ ಬೆಮೆಲ್ ಬೋಗಿಗಳು ಹೋದವು. 2022ರ ಏಪ್ರಿಲಿನಲ್ಲಿ ಸಂಚಾರ ಆರಂಭಿಸಿದ ಮುಂಬಯಿಯ 2ಎ ಮತ್ತು 7ನೆಯ ಮಾರ್ಗಗಳಿಗೆ ಚಾಲಕನಿಲ್ಲದೆಯೂ ಓಡಬಲ್ಲ ರೈಲುಗಳನ್ನು ಅದು ಕೊಟ್ಟಿತು. 2023ರ ಆಗಸ್ಟಿನಲ್ಲಿ ನಮ್ಮ ಮೆಟ್ರೊದ ಮುಂದಿನ ಮಾರ್ಗಗಳಿಗಾಗಿ 318 ಬೋಗಿಗಳನ್ನು ಒದಗಿಸುವ ಸುಮಾರು 3,177 ಕೋಟಿ ರೂಪಾಯಿಯ ಗುತ್ತಿಗೆ ಬೆಮೆಲ್‌ಗೆ ದಕ್ಕಿತು. ವಂದೇ ಭಾರತ್ ರೈಲಿನ ಮಲಗುವ ಆಸನಗಳ ಮಾದರಿಯನ್ನು ಕಟ್ಟಿದ್ದೂ ಇಲ್ಲಿಯೇ: 16 ಬೋಗಿಗಳಲ್ಲಿ 823 ಮಂದಿಗೆ ಮಲಗಲು ಜಾಗವಿರುವ, ಗಂಟೆಗೆ 160 ಕಿಲೋಮೀಟರ್ ವೇಗದ ಓಟಕ್ಕೆ ಸಿದ್ಧಗೊಂಡ ಈ ರೈಲನ್ನು 2024ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ಅನಾವರಣ ಮಾಡಲಾಯಿತು.

ಒಡೆತನದ ಪ್ರಶ್ನೆ ಈ ಬೆಳವಣಿಗೆಯ ಜೊತೆಜೊತೆಗೇ ನಡೆದುಬಂದಿದೆ. 1992ರಿಂದ ಸಂಸ್ಥೆಯ ಷೇರುಗಳ ಒಂದು ಭಾಗ ಸಾರ್ವಜನಿಕರ ಕೈಗೆ ಬಂದು, ಸರ್ಕಾರದ ಪಾಲು ಶೇ 54.03ಕ್ಕೆ ಇಳಿಯಿತು. 2016ರಲ್ಲಿ ಇದರಲ್ಲಿ ಶೇ 26ರಷ್ಟನ್ನು ಆಡಳಿತದ ಹಿಡಿತದೊಡನೆ ಖಾಸಗಿಯವರಿಗೆ ಮಾರಲು ಕೇಂದ್ರ ಸರ್ಕಾರ ತಾತ್ವಿಕ ಒಪ್ಪಿಗೆ ನೀಡಿ, 2021ರ ಜನವರಿಯಲ್ಲಿ ಆಸಕ್ತರಿಂದ ಪ್ರಸ್ತಾವಗಳನ್ನು ಆಹ್ವಾನಿಸಿತು. ಕಾರ್ಖಾನೆಗೆ ಬಳಕೆಯಾಗದ ಭೂಮಿ ಖರೀದಿದಾರನ ಪಾಲಾಗಬಾರದೆಂದು ಅದನ್ನು ಬಿಇಎಂಎಲ್ ಲ್ಯಾಂಡ್ ಅಸೆಟ್ಸ್ ಎಂಬ ಬೇರೆ ಕಂಪನಿಗೆ ವರ್ಗಾಯಿಸಲಾಗಿ, ಅದರ ಷೇರುಗಳು 2023ರಲ್ಲಿ ಪ್ರತ್ಯೇಕವಾಗಿ ಮಾರುಕಟ್ಟೆಗೆ ಬಂದವು. ಕಾರ್ಮಿಕ ಸಂಘಗಳು ಈ ಮಾರಾಟವನ್ನು ವಿರೋಧಿಸಿವೆ. ರಕ್ಷಣಾ ಸಾಮಗ್ರಿಯಿಂದ ಮೆಟ್ರೊವರೆಗೆ ಹರಡಿರುವ, ಗಿರಾಕಿಗಳೆಲ್ಲ ಬಹುಪಾಲು ಸರ್ಕಾರಿ ಸಂಸ್ಥೆಗಳೇ ಆಗಿರುವ ಇಂಥ ಉದ್ಯಮವನ್ನು ಕೇವಲ ಷೇರಿನ ಬೆಲೆಯಿಂದ ತೂಗುವುದು ಕಷ್ಟ. ಆರು ದಶಕಗಳಲ್ಲಿ ಕೂಡಿಬಂದ ಕೈಕಸುಬು ಯಾವ ಲೆಕ್ಕಪುಸ್ತಕದಲ್ಲಿಯೂ ಆಸ್ತಿಯಾಗಿ ದಾಖಲಾಗಿಲ್ಲ.

ಗಂಟೆಗೆ 280 ಕಿಲೋಮೀಟರ್ ವೇಗಕ್ಕೆಂದು ವಿನ್ಯಾಸಗೊಳ್ಳಬೇಕಾದ, ತಲಾ ಎಂಟು ಬೋಗಿಗಳ ಎರಡು ರೈಲುಗಳನ್ನು ಕಟ್ಟುವ 866.87 ಕೋಟಿ ರೂಪಾಯಿಯ ಕೆಲಸವನ್ನು ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ 2024ರ ಅಕ್ಟೋಬರಿನಲ್ಲಿ ಬೆಮೆಲ್‌ಗೆ ವಹಿಸಿತು. ಬೆಂಗಳೂರಿನ ಕಾರ್ಖಾನೆಯ ಜಾಗ ಸಾಲದಾದ್ದರಿಂದ ಮಧ್ಯಪ್ರದೇಶದ ರಾಯ್ಸೇನ್ ಜಿಲ್ಲೆಯಲ್ಲಿ ಹೊಸ ರೈಲು ತಯಾರಿಕಾ ಕೇಂದ್ರ ಕಟ್ಟಲು ನಿರ್ಧರಿಸಿ, 2025ರ ಆಗಸ್ಟಿನಲ್ಲಿ ಅದರ ಶಂಕುಸ್ಥಾಪನೆ ಮಾಡಲಾಗಿದೆ.